ಏಳನೇ ಪುಟದ ನಿಂಬೆಹಣ್ಣು

ನಿಂಬೆಹಣ್ಣಿನ ದೀಪ ಹಚ್ಚುವವರು ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗು ಹೊರಗಾಗಿ ಮಗುಚುತ್ತಾರೆ. ಆಗ ಬಿಳಿ ಮೈ ಹೊರಗೆ ಬರುತ್ತದೆ, ಹಳದಿ ಸಿಪ್ಪೆ ಬಟ್ಟಲಿನ ಒಳಗೋಡೆಯಾಗುತ್ತದೆ. ಅದಕ್ಕೆ ಎಣ್ಣೆಯೋ ತುಪ್ಪವೋ ಹಾಕಿ ಬತ್ತಿ ಇಡುತ್ತಾರೆ. ಚಿಕ್ಕಂದಿನಿಂದ ಬನಶಂಕರಿ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದ ನನಗೆ ಇದು ಗೊತ್ತಿದೆ ಅಂತಲೇ ಅಂದುಕೊಂಡಿದ್ದೆ. ಆದರೂ ನನ್ನ ಕಾಮಿಕ್ಸ್‌ನ ಏಳನೇ ಪುಟದಲ್ಲಿ ಅಜ್ಜಿಯ ಕೈಯಲ್ಲಿದ್ದದ್ದು ಮಗುಚದ ನಿಂಬೆ ಹೋಳು. ಸಿಪ್ಪೆಯ ಮೇಲಿನ ಗುಳಿಗಳನ್ನು ಸಣ್ಣ ನಿಬ್ಬಿನಿಂದ ಚುಕ್ಕೆ ಚುಕ್ಕೆಯಾಗಿ ಇಡುತ್ತಾ ಒಂದು ರಾತ್ರಿ ಪೂರ್ತಿ ಕೂತಿದ್ದೆ. ಐದು ಜನ ಕಲಾವಿದರು ಆ ಪುಟವನ್ನು ಕೈಯಿಂದ ಕೈಗೆ ದಾಟಿಸಿ, ಚುಕ್ಕೆಗಳನ್ನು ಹೊಗಳಿದರು. ತಪ್ಪು ಹಿಡಿದದ್ದು ಕಾಫಿ ತಂದುಕೊಟ್ಟ, ಗೆಳತಿಯ ಅಮ್ಮ.

“ಇದೇನಪ್ಪಾ, ನಿಮ್ಮಜ್ಜಿ ದೀಪ ಹಚ್ಚೋಕೆ ಬಂದಿದಾರೋ, ಪಾನಕ ಮಾಡೋಕೋ?”

ಆ ಪುಟ ನಾಲ್ಕು ಸಲ ಬರೆಸಿಕೊಂಡಿತು.

ಹಗಲು ಪಠ್ಯಪುಸ್ತಕಗಳಿಗೆ, ಕಂಪನಿಗಳ ಕರಪತ್ರಗಳಿಗೆ ಚಿತ್ರ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬಾಲಮಂಗಳದ ಡಿಂಗನಿಗಾಗಿ ಪೇಪರ್ ಅಂಗಡಿ ಮುಂದೆ ಕಾದು ನಿಲ್ಲುತ್ತಿದ್ದ ತಲೆಮಾರಿನವನಾದ್ದರಿಂದ, ಸ್ವಂತದ್ದೊಂದು ಕಾಮಿಕ್ಸ್ ಮಾಡುವ ಹುಚ್ಚು ನಲವತ್ತು ದಾಟಿದರೂ ಬಿಟ್ಟಿರಲಿಲ್ಲ. ಇಪ್ಪತ್ನಾಲ್ಕು ಪುಟ, ಕಪ್ಪು ಬಿಳುಪು. ಮಂಗಳವಾರದ ರಾಹುಕಾಲದಲ್ಲಿ ಬನಶಂಕರಿಯಲ್ಲಿ ಅಜ್ಜಿಯ ಸೆರಗು ಬಿಟ್ಟು ಕಳೆದುಹೋಗುವ ಐದು ವರ್ಷದ ಹುಡುಗ, ಸಂಜೆಯೊಳಗೆ ಅವನು ಮನೆ ಸೇರುವ ಕಥೆ. ಆರು ಪುಟ ಯಾರ ಸಲಹೆಯೂ ಇಲ್ಲದೆ ಮುಗಿಸಿದೆ. ಏಳರಲ್ಲಿ ಹುಡುಗ ಕಳೆದುಹೋಗಬೇಕು. ಅಲ್ಲಿ ಯಾಕೋ ಧೈರ್ಯ ಸಾಲಲಿಲ್ಲ.

ಅದಕ್ಕೆ ಮುಂಚೆ ತೋರಿಸಿರಲೇ ಇಲ್ಲ ಅಂತಲ್ಲ. ಫೋನಿನಲ್ಲಿ ಫೋಟೋ ಕಳಿಸಿದರೆ ಹೆಬ್ಬೆರಳು ಬರುತ್ತಿತ್ತು. ಹೆಂಡತಿ “ಚೆನ್ನಾಗಿದೆ, ಊಟಕ್ಕೆ ಬನ್ನಿ” ಅನ್ನುತ್ತಿದ್ದಳು. ಒಂದು ಮೇಳದಲ್ಲಿ ದೊಡ್ಡ ಸಂಪಾದಕರೊಬ್ಬರು ಹೊಸಬರ ಪುಟ ನೋಡುತ್ತಾರೆಂದು ಒಂದೂವರೆ ಗಂಟೆ ಸಾಲಿನಲ್ಲಿ ನಿಂತಿದ್ದೆ. ಎರಡು ನಿಮಿಷದಲ್ಲಿ ಆರೂ ಪುಟ ತಿರುವಿ, “ಲೈನ್ ಚೆನ್ನಾಗಿದೆ, ಕೀಪ್ ಇಟ್ ಅಪ್” ಅಂದರು. ಅಡ್ಡಗೋಡೆ ಮೇಲಿನ ದೀಪ. ಅವರನ್ನು ದೂರಲಾರೆ, ನನ್ನ ಹಿಂದೆ ಇನ್ನೂ ಮೂವತ್ತು ಜನ ನಿಂತಿದ್ದರು. ಆದರೆ ಆ ಮಾತು ಹಿಡಿದುಕೊಂಡು ಮನೆಗೆ ಬಂದು ಕೂತರೆ ಯಾವ ಗೆರೆ ಅಳಿಸಬೇಕು, ಯಾವುದು ಉಳಿಸಬೇಕು ಎಂಬುದು ತಿಳಿಯಲಿಲ್ಲ.

ನಮ್ಮ ಗುಂಪು ಕೂಡಿದ್ದು ಜೆ.ಪಿ. ನಗರ ಎರಡನೇ ಫೇಸ್‌ನ ರಂಗಶಂಕರದಲ್ಲಿ. ನಾಟಕ ನೋಡಲು ಹೋಗುತ್ತಿದ್ದವರು ಅಲ್ಲಿನ ಕೆಫೆಯಲ್ಲಿ ಸ್ಕೆಚ್ ಪುಸ್ತಕ ಬಿಚ್ಚಿ ಕೂರುತ್ತಾ ಕೂರುತ್ತಾ ಒಬ್ಬರ ಪುಟ ಇನ್ನೊಬ್ಬರು ಇಣುಕತೊಡಗಿದೆವು. ಆರು ಜನ. ಸರ್ಕಾರಿ ಹೈಸ್ಕೂಲಿನಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಆನಿಮೇಶನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ಹುಡುಗಿ. ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ನೋಡುತ್ತಲೇ ತಲೆ ನರೆತ ಒಬ್ಬರು. ಸೀರೆಗೆ ಡಿಸೈನ್ ಮಾಡುವ ಗೆಳತಿ. ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಲ್ಲಿ ಮಂಚದ ಮೇಲೆ ಕೂತು ಚಿತ್ರ ಬರೆಯುವ ಹುಡುಗ. ಮತ್ತೆ ನಾನು. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. 2004ರಲ್ಲಿ ಬಾಗಿಲು ತೆರೆದಾಗಿನಿಂದ ಆ ವಿಷಯಕ್ಕೆ ಬೈಗುಳವೂ ಮರ್ಯಾದೆಯೂ ಎರಡೂ ಸಿಕ್ಕಿದೆ. ಅದನ್ನೇ ನಾವೂ ಎತ್ತಿಕೊಂಡೆವು: ತಡವಾಗಿ ಬಂದವರ ಪುಟ ಆ ತಿಂಗಳು ನೋಡುವುದಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬರಬೇಕಾದ ಆನಿಮೇಶನ್ ಹುಡುಗಿಗೆ ಇದರಿಂದ ಅನ್ಯಾಯವಾಗಿದೆ, ಒಪ್ಪುತ್ತೇನೆ.

ಮೊದಲ ಸಲ ಏಳನೇ ಪುಟ ಮೇಜಿನ ಮೇಲೆ ಇಟ್ಟಾಗ ಪೂರ್ತಿ ಇಂಕ್ ಆಗಿತ್ತು, ಮೂರು ರಾತ್ರಿಯ ಕೆಲಸ. ಇಡುತ್ತಿದ್ದಂತೆ ಬಾಯಿ ತೆರೆದೆ. “ಇದು ಬನಶಂಕರಿ, ಇವರು ಅಜ್ಜಿ, ಇಲ್ಲಿ ಗಿರಗಟ್ಲೆ ಮಾರೋನು ಬರ್ತಾನೆ, ಹುಡುಗ ಅದನ್ನ ನೋಡಿ ಸೆರಗು ಬಿಡ್ತಾನೆ…” ಎಲ್ಲರೂ ತಲೆಯಾಡಿಸಿದರು. ನಿಂಬೆಯ ಚುಕ್ಕೆಗೆ ಮೆಚ್ಚುಗೆ ಬಂತು. ಅಜ್ಜಿಯ ಕೈಗಂಟುಗಳಿಗೂ ಬಂತು. ಆಮೇಲೆ ಮೇಷ್ಟ್ರು ಅಕ್ಕಿರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು.

“ಏನಯ್ಯಾ, ಪುಸ್ತಕ ಮಾರುವಾಗ ಒಂದೊಂದು ಪ್ರತಿಯ ಜೊತೆಗೂ ನೀನೇ ಹೋಗ್ತೀಯಾ?”

ಮುಂದಿನ ವಾರ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು, ಪುಟ ನೋಡಿರದವರಿಗೆ ತೋರಿಸಿ ಅವರೇ ಕಥೆ ಹೇಳಬೇಕು ಎಂದಾಯಿತು. ನಾಟಕಕ್ಕೆ ಬಂದಿದ್ದ ಐದು ಜನರನ್ನು ಗೆಳತಿ ಹಿಡಿದು ತಂದಳು. ಬೆರಳಿಟ್ಟು ಓದಿ ಅಂದೆವು, ಅಷ್ಟೇ. ನಾನು ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತೆ. ಪುಟದ ನಡುವೆ ಎಡಗಡೆ ಒಂದರ ಕೆಳಗೊಂದು ಎರಡು ಪ್ಯಾನೆಲ್: ಮೇಲೆ ಸೆರಗು ಹಿಡಿದ ಪುಟ್ಟ ಕೈ, ಕೆಳಗೆ ಗಿರಗಟ್ಲೆಯವನು. ಬಲಗಡೆ ಎರಡಕ್ಕೂ ಸಮನಾದ ಎತ್ತರದ ಒಂದೇ ಪ್ಯಾನೆಲ್: ಜೋತುಬಿದ್ದ ಖಾಲಿ ಸೆರಗು, ಸುತ್ತ ಕಾಲುಗಳೇ ಕಾಲು. ಇಬ್ಬರ ಬೆರಳು ನಾನು ಅಂದುಕೊಂಡ ಹಾಗೆ ಕೆಳಗಿಳಿದು ಬಲಕ್ಕೆ ಹೋಯಿತು. ಮೂವರ ಬೆರಳು ಕೈಯಿಂದ ನೇರ ಬಲಕ್ಕೆ ಹಾರಿತು. ಅವರ ಪಾಲಿಗೆ ಹುಡುಗ ಮೊದಲು ಸೆರಗು ಬಿಟ್ಟ, ಆಮೇಲೆ ಗಿರಗಟ್ಲೆ ಬಂತು. “ಅಜ್ಜಿ ಕೈ ಕೊಡವಿಬಿಟ್ರಾ?” ಅಂತ ಒಬ್ಬರು ಮುಖ ಗಂಟಿಕ್ಕಿ ಕೇಳಿದರು.

ಅಲ್ಲ, ಅಜ್ಜಿ ಅಂಥವರಲ್ಲ ಅನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಇಡೀ ಕಥೆಯ ಕಾರಣವೇ ಅಲ್ಲಿ ತಿರುಗುಮುರುಗಾಗಿತ್ತು. ಕಲಾವಿದರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವರಿಗೆ ನಾನು ಕಥೆ ಹೇಳಿಬಿಟ್ಟಿದ್ದೆ. ಇನ್ನೊಂದು ಮಾತೂ ಇದೆ. ನಮ್ಮ ಕಣ್ಣು ವಾರಪತ್ರಿಕೆಯ ಕಥಾಚಿತ್ರ ನೋಡಿ ಪಳಗಿದ್ದು. ಒಂದು ಚಿತ್ರ ಎದುರಿಗೆ ಬಂದರೆ ಮೂಗು ಸರಿ ಇದೆಯೇ, ಮಡಿಕೆ ಸರಿ ಬಿದ್ದಿದೆಯೇ ಎಂದು ಹುಡುಕುತ್ತೇವೆ. ಪುಟವನ್ನು ಓದುವುದನ್ನೇ ಮರೆಯುತ್ತೇವೆ. ಆಮೇಲಿನಿಂದ ಗುಂಪಿನಲ್ಲಿ ಎರಡು ಸುತ್ತು ಮಾಡಿದೆವು. ಮೊದಲ ಸುತ್ತಿನಲ್ಲಿ ಬರೀ ಕಥೆ ಹೇಳಬೇಕು. ಕೈಕಾಲು, ಗೆರೆ, ನೆರಳು ಏನಿದ್ದರೂ ಎರಡನೇ ಸುತ್ತಿಗೆ.

ಪುಟದ ಮೂಲೆಗೆ ಅಕ್ಕಿರೊಟ್ಟಿಯ ಎಣ್ಣೆ ತಾಗಿದ್ದರಿಂದ ಸಭೆ ಗೆಳತಿಯ ಮನೆಗೆ ವರ್ಗವಾಯಿತು. ಜಯನಗರ ಮೂರನೇ ಬ್ಲಾಕ್, ಮೊದಲ ಮಹಡಿ. ಹಿಂದಿನ ಬಾಲ್ಕನಿಯಿಂದ ಕನ್ಸರ್ವೆನ್ಸಿ ಸಂದಿ ಕಾಣುತ್ತದೆ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾಯುವ, ಯಾರ ವಿಳಾಸದಲ್ಲೂ ಇಲ್ಲದ ಓಣಿ. ಪ್ಯಾನೆಲ್ಲುಗಳ ನಡುವಿನ ಬಿಳಿ ಜಾಗಕ್ಕೆ ನಮ್ಮಲ್ಲಿ ಒಂದು ಹೆಸರಿರಲಿಲ್ಲ, ಅಂದಿನಿಂದ ‘ಸಂದಿ’ ಅನ್ನುತ್ತೇವೆ. ಎರಡು ಚಿತ್ರದ ನಡುವೆ ನಡೆದದ್ದನ್ನು ಓದುವವನ ಮನಸ್ಸೇ ಕಟ್ಟಿಕೊಳ್ಳುತ್ತದೆ ಎಂದು ಸ್ಕಾಟ್ ಮೆಕ್‌ಕ್ಲೌಡ್ 1993ರ ತನ್ನ ಪುಸ್ತಕದಲ್ಲಿ ಕಾಮಿಕ್ಸ್ ರೂಪದಲ್ಲೇ ಬರೆದು ತೋರಿಸಿದ್ದಾನೆ. ನಾನು ಅದನ್ನು ಓದಿದ್ದೆ, ಅಡಿಗೆರೆ ಕೂಡ ಎಳೆದಿದ್ದೆ. ನನ್ನ ಸಂದಿಯಲ್ಲಿ ಜನ ಎಡವುತ್ತಿರುವುದು ಮಾತ್ರ ಗೊತ್ತಾಗಿರಲಿಲ್ಲ.

ಎರಡನೇ ಆವೃತ್ತಿಯಲ್ಲಿ ಆ ಮೂರು ಪ್ಯಾನೆಲ್ಲುಗಳನ್ನು ಒಂದೇ ಸಾಲಿಗೆ, ಉದ್ದುದ್ದ ಪಟ್ಟಿಯಾಗಿ ನಿಲ್ಲಿಸಿದೆ. ಬುದ್ಧಿ ಬಂದಿರಲಿಲ್ಲ, ಮತ್ತೆ ಇಂಕ್ ಮಾಡಿಯೇ ಒಯ್ದೆ. ಸುಚಿತ್ರಾದವರು ಕನ್ನಡಕ ಏರಿಸಿ, “ಮೂರನೇದರಲ್ಲಿ ಹುಡುಗ ಅಜ್ಜಿಯ ಎಡಕ್ಕಿದ್ದಾನೆ, ಆರನೇದರಲ್ಲಿ ಅವರು ಬಲಕ್ಕೆ ತಿರುಗಿ ಹುಡುಕ್ತಾರೆ. ಕ್ಯಾಮೆರಾ ಗೆರೆ ದಾಟಿಬಿಟ್ಟಿದೆ ಸ್ವಾಮಿ” ಅಂದರು. ಅದಾದ ಹತ್ತು ನಿಮಿಷಕ್ಕೆ ಬಂದದ್ದು ಆ ಪಾನಕದ ಮಾತು. ಅಮ್ಮ ಒಳಗೆ ಹೋಗಿ ನಿಜವಾದ ನಿಂಬೆಹಣ್ಣು ತಂದು, ಹೆಚ್ಚಿ, ಹಿಂಡಿ, ಹೆಬ್ಬೆರಳಿನಿಂದ ಒಳಗಿನಿಂದ ಒತ್ತಿ ಟಪ್ಪನೆ ಮಗುಚಿ ಮೇಜಿನ ಮೇಲಿಟ್ಟರು. ಹೊರಮೈ ಮಂಕು ಬಿಳಿ, ನವಿರು, ಅಲ್ಲಲ್ಲಿ ಹರಿದ ತೊಳೆಯ ನಾರು. ಒಂದೇ ಒಂದು ಚುಕ್ಕೆ ಇಲ್ಲ. ನನ್ನ ಒಂದು ರಾತ್ರಿ ಆ ಬಟ್ಟಲಿನ ಒಳಗೆ, ಎಣ್ಣೆಯ ಅಡಿಯಲ್ಲಿ ಮುಳುಗಿಹೋಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ. ಇಂಕ್ ಆದ ಪುಟ ಹೆಗ್ಗಣವಾದರೂ ಅದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಅಂದು ನಾನು ಆ ಅಮ್ಮನ ಜೊತೆಗೂ ವಾದ ಮಾಡಿದೆ. ಕೆಲವು ಕಡೆ ಮಗುಚದೆಯೂ ಹಚ್ಚುತ್ತಾರೇನೋ ಅಂದೆ. ಅವರು “ಎಲ್ಲಿ?” ಅಂದರು. ಉತ್ತರವಿರಲಿಲ್ಲ. ಪೆನ್ಸಿಲ್ಲಿನಲ್ಲಿದ್ದಾಗಲೇ ತೋರಿಸಿದ್ದರೆ ರಬ್ಬರ್ ತೆಗೆದುಕೊಂಡು ನಗುತ್ತಾ ಅಳಿಸುತ್ತಿದ್ದೆ.

ಹಾಗಾಗಿ ಮೂರನೇ ಸಲ ಪೆನ್ಸಿಲ್ ಪುಟವನ್ನೇ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದೆ. ನಾನು ಬರೆಯುವುದು ಎ3 ಐವರಿ ಶೀಟಿನ ಮೇಲೆ. ಅದನ್ನು ಎ4ಗೆ ಇಳಿಸುವಾಗ ಮೆಷಿನ್ನಿನಲ್ಲಿ ಶೇಕಡಾ 71 ಅಂತ ತೋರಿಸುತ್ತದೆ. ಪುಸ್ತಕದಲ್ಲಿ ಪುಟ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಬರುವುದು. ಆರು ಪ್ರತಿ ತೆಗೆಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಎಲ್ಲರೂ ಒಂದೇ ಹಾಳೆಯ ಮೇಲೆ ಬಗ್ಗುವಾಗ ಮೊದಲು ಮಾತಾಡಿದವರ ಹಿಂದೆ ಉಳಿದವರು ಹೋಗುತ್ತಾರೆ. ಕೈಗೊಂದು ಪ್ರತಿ ಸಿಕ್ಕಿದರೆ ಒಬ್ಬೊಬ್ಬರೇ ಗುರುತು ಹಾಕುತ್ತಾರೆ. ಆರರಲ್ಲಿ ನಾಲ್ಕು ಪ್ರತಿಯ ಮೇಲೆ ಒಂದೇ ಜಾಗದಲ್ಲಿ ಕೆಂಪು ಸುತ್ತು ಬಿದ್ದಿದ್ದರೆ ವಾದಕ್ಕೆ ಅವಕಾಶವೇ ಇಲ್ಲ.

ಸುತ್ತು ಬಿದ್ದದ್ದು ಚಿತ್ರದ ಮೇಲಲ್ಲ, ಬಲೂನಿನ ಮೇಲೆ. “ಸೆರಗು ಬಿಡಬೇಡ ಅಂತ ಎಷ್ಟು ಸಲ ಹೇಳಿದ್ದೆ ನಿನಗೆ” ಅನ್ನುವ ಅಜ್ಜಿಯ ಮಾತು ನಾಲ್ಕು ಸಾಲಾಗಿ ತುರುಕಿಕೊಂಡು ಕೂತಿತ್ತು. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನಿನ ಅಳತೆ ಕಲಿತವರಿಗೆಲ್ಲ ಬರುವ ಕಾಯಿಲೆ ಇದು. ಅವರದು ಎಲ್ಲ ದೊಡ್ಡಕ್ಷರ, ಒಂದೇ ಎತ್ತರ, ಸಾಲಿಗೆ ಸಾಲು ಅಂಟಿಸಿದರೂ ನಡೆಯುತ್ತದೆ. ನಮ್ಮದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಗಾಳಿ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. 71ಕ್ಕೆ ಇಳಿಸಿದಾಗ ಎರಡೂ ಸೇರಿ ಇರುವೆ ಸತ್ತ ಹಾಗೆ ಕಾಣುತ್ತದೆ. ಬಾಲೂ ತಮ್ಮ ಥರದ ದುಂಡು ಫಾಂಟ್ ಹಾಕಿದರೆ ಮುದ್ದಾಗಿ ಕಾಣುತ್ತದೆ ನಿಜ, ಆದರೆ ಇನ್ನೂ ಹೆಚ್ಚು ಜಾಗ ಕೇಳುತ್ತದೆ.

ಮೇಷ್ಟ್ರಿಗೆ ಇದು ಹಳೆಯ ಕಥೆ. ಅಮರ ಚಿತ್ರಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಲ್ಲಿ ಐ.ಬಿ.ಎಚ್. ಪ್ರಕಾಶನ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಮೊದಲ ಹತ್ತು ಪುಸ್ತಕ ಹೊರದೇಶದ ಕಥೆಗಳ ಕನ್ನಡ ರೂಪ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಬರೆದು ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಹನ್ನೊಂದನೆಯದು. “ಬೇರೆಯವರ ನುಡಿಗೆ ಹೊಲಿದ ಅಂಗಿಯೊಳಗೆ ನಾವು ಮೈ ತೂರಿಸೋದು ಅವತ್ತಿಂದ ನಡೆದಿದೆ ಕಣಯ್ಯಾ. ನೀನು ಮೊದಲ ಗೆರೆಯಿಂದಲೇ ಕನ್ನಡದಲ್ಲಿ ಮಾಡ್ತಿದೀಯ, ನಿನಗೇನು ದಾಡಿ?” ಅಂದರು. ದಾಡಿ ಏನೂ ಇರಲಿಲ್ಲ, ಅಭ್ಯಾಸ ಅಷ್ಟೇ: ಚಿತ್ರ ಮೊದಲು, ಮಾತು ಉಳಿದ ಜಾಗಕ್ಕೆ. ಈಗ ಉಲ್ಟಾ. ಖಾಲಿ ಪ್ಯಾನೆಲ್ಲಿನಲ್ಲಿ ಮೊದಲು ಮಾತನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ಅದರ ಸುತ್ತ ಬಲೂನ್, ಆಮೇಲೆ ಮನುಷ್ಯರು. ಅಜ್ಜಿಯ ಮಾತೂ ಅದರಿಂದ ಸಣ್ಣದಾಯಿತು. “ಸೆರಗು ಬಿಡ್ಬೇಡ್ವೋ!” ಅಂದರೆ ಸಾಕಾಯಿತು. ನಾಲ್ಕು ಸಾಲು ಬೈಯುವಷ್ಟು ಪುರುಸೊತ್ತು ಅಂಥ ಗದ್ದಲದಲ್ಲಿ ಯಾವ ಅಜ್ಜಿಗೆ ಇರುತ್ತದೆ?

ತಿದ್ದುವುದಿದ್ದರೆ ಟ್ರೇಸಿಂಗ್ ಪೇಪರ್ ಮೇಲೆ ಎನ್ನುವುದೂ ಮೇಷ್ಟ್ರದೇ ಕಟ್ಟಳೆ. ಇನ್ನೊಬ್ಬರ ಮೂಲ ಪುಟಕ್ಕೆ ಪೆನ್ಸಿಲ್ ತಾಗಿಸಿದರೆ ಅವರ ಮುಖ ಕೆಂಪಾಗುತ್ತದೆ. ಚಂದಮಾಮದ ಮುಖಪುಟಗಳಿಂದ ಹೆಸರಾದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಿಂದ ಅಂಚೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಕಾಲವನ್ನು ಅವರು ನೆನೆಯುತ್ತಾರೆ. ಗುರು ಎದುರಿಗಿಲ್ಲ, ತಿದ್ದುಪಡಿ ಅಂಚೆಯಣ್ಣನ ಕೈಯಲ್ಲಿ ಬರಬೇಕು. ಹಾಗಿರುವಾಗ ಕಳಿಸಿದವನು ಪಕ್ಕದಲ್ಲಿ ನಿಂತು “ಇದು ಹಾಗಲ್ಲ ಸಾರ್” ಅನ್ನುವ ಹಾಗೇ ಇಲ್ಲವಲ್ಲ ಎಂದು ನನ್ನ ಕಡೆ ನೋಡುತ್ತಾರೆ.

ಅದೇ ಸಭೆಯಲ್ಲಿ ಆನಿಮೇಶನ್ ಹುಡುಗಿ ನೆರಳಿನ ಬಗ್ಗೆ ಕೇಳಿದಳು. “ಸರ್, ಇದು ಮಂಗಳವಾರ ತಾನೇ? ರಾಹುಕಾಲ ಮೂರರಿಂದ ನಾಲ್ಕೂವರೆ. ನಿಮ್ಮ ಜನರ ನೆರಳು ಕಾಲಡಿಗೇ ಇದೆ, ಹನ್ನೆರಡು ಗಂಟೆ ಥರ.” ಅವಳು ದೇವಸ್ಥಾನಕ್ಕೆ ಹೋಗುವವಳಲ್ಲ, ಬೆಳಕಿನ ಲೆಕ್ಕ ಹಾಕುವವಳು. ನೆರಳನ್ನು ಎಳೆದು ಉದ್ದ ಮಾಡಿದಾಗ ಇಡೀ ಪುಟಕ್ಕೆ ಒಂದು ಓಟ ಬಂತು. ಕಂಬದ ನೆರಳು ಅಜ್ಜಿಯ ಕಡೆಯಿಂದ ಗಿರಗಟ್ಲೆಯ ಕಡೆಗೆ ದಾರಿ ತೋರಿಸಿತು. ಬೆರಳಿಟ್ಟು ಓದುವವರಿಗೆ ಇನ್ನು ದಾರಿ ತಪ್ಪುವ ಭಯವಿರಲಿಲ್ಲ. ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕಿದ ಅತ್ಯಂತ ಬೆಲೆಬಾಳುವ ಮಾತು ಅದು, ಅವಳು ಹೇಳಿ ಮುಗಿಸಲು ಹತ್ತು ಸೆಕೆಂಡು ಹಿಡಿಯಿತು.

ಹಾಗಂತ ಹೇಳಿದ್ದನ್ನೆಲ್ಲ ಕೇಳಬೇಕೆಂದಲ್ಲ. ಬಿ.ಟಿ.ಎಂ. ಹುಡುಗನ ವಿಷಯದಲ್ಲಿ ನಾವೆಲ್ಲ ಸೇರಿ ಮಾಡಿದ್ದು ನೆನೆದರೆ ಈಗಲೂ ಮುಜುಗರ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ಕೂತವನೊಬ್ಬನಿಗೆ ಹಸಿರು ದೀಪ ಬರುವಷ್ಟರಲ್ಲಿ ಮುಪ್ಪು ಬರುವ ಎರಡು ಪುಟದ ಕಥೆ ಅವನದು. ಒಂದೊಂದು ಪುಟಕ್ಕೆ ಹನ್ನೆರಡು ಪ್ಯಾನೆಲ್, ಎಲ್ಲ ಒಂದೇ ಅಳತೆ, ಒಂದೇ ಕೋನ, ಅದೇ ಹೆಲ್ಮೆಟ್, ಅದೇ ಬಸ್ಸಿನ ಹಿಂಭಾಗ. ಗಡ್ಡ ಮಾತ್ರ ಬೆಳೆಯುತ್ತಿರುತ್ತದೆ. ಕೋನ ಬದಲಿಸು ಅಂದೆ ನಾನು. ಮೇಲಿನಿಂದ ಒಂದು ತೆಗಿ ಅಂದರು ಸುಚಿತ್ರಾದವರು. ಪಕ್ಕದ ಆಟೋದವನ ಮುಖ ಹತ್ತಿರದಿಂದ ತೋರಿಸು ಅಂದಳು ಇನ್ನೊಬ್ಬಳು. ಎತ್ತು ಏರಿಗೆ, ಕೋಣ ನೀರಿಗೆ. ಪಾಪ, ಹಿರಿಯರು ಹೇಳಿದ್ದಾರೆಂದು ಎಲ್ಲವನ್ನೂ ಮಾಡಿಕೊಂಡು ಬಂದ. ಪುಟ ಜಾಹೀರಾತಿನಂತೆ ಲಕಲಕ ಅನ್ನುತ್ತಿತ್ತು. ಓದುವಾಗ ಯಾರಿಗೂ ಬೇಸರವಾಗಲಿಲ್ಲ, ಆ ಸಿಗ್ನಲ್ಲಿನಲ್ಲಿ ಬೇಸರವಾಗದೆ ಇರಲು ಸಾಧ್ಯವೇ? ಆ ಹನ್ನೆರಡು ಒಂದೇ ಥರದ ಚೌಕಗಳು ಅವನು ಬೇಕೆಂದೇ ಇಟ್ಟ ಬೇಸರ. ಆ ಬೇಸರ ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ನಮಗೆ ಏನೋ ಸರಿ ಇಲ್ಲ ಅನ್ನಿಸಿದ್ದು. ಮಾಡಬೇಕಾದ್ದು ಇಷ್ಟೇ ಇತ್ತು: ಎಲ್ಲಿ ಬೇಜಾರಾಯಿತು ಅಂತ ಹೇಳುವುದು, ಅದು ಬೇಕಾಗಿತ್ತಾ ಅಂತ ಅವನನ್ನು ಕೇಳುವುದು. ನಾವು ಮದ್ದು ಬರೆದುಕೊಟ್ಟೆವು. ಪುಣ್ಯಕ್ಕೆ ಅವನು ಹಳೆಯ ಹಾಳೆಗಳನ್ನು ಹಾಸಿಗೆಯಡಿ ಎತ್ತಿಟ್ಟಿದ್ದ.

ಇದನ್ನು ಹೇಳಿದ ಕೂಡಲೇ ಇನ್ನೊಂದು ಅಪಾಯ ಎದ್ದು ನಿಲ್ಲುತ್ತದೆ: ಯಾರ ಮಾತನ್ನೂ ಕೇಳದಿರುವುದು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾ ಶಾಲೆ ಸೀಟು ಕೊಡಲಿಲ್ಲ ಎಂಬುದನ್ನು ಪುಟಕ್ಕೆ ಟೀಕೆ ಬಂದವರೆಲ್ಲ ತಾಯತದ ಹಾಗೆ ಕಟ್ಟಿಕೊಂಡು ತಿರುಗುತ್ತಾರೆ. ನಾನೂ ಕಟ್ಟಿಕೊಂಡಿದ್ದೆ. ಅದೇ ಲಕ್ಷ್ಮಣ್, ರಾ.ಶಿ.ಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದುಕೊಡುತ್ತಾ ಕೈ ಪಳಗಿಸಿಕೊಂಡರು ಎಂಬುದು ಯಾಕೋ ಯಾರಿಗೂ ನೆನಪಾಗುವುದಿಲ್ಲ.

ನಾಲ್ಕನೇ ಆವೃತ್ತಿ ಇಂಕ್ ಆಯಿತು. ನಿಂಬೆ ಮಗುಚಿತ್ತು, ನೆರಳು ಉದ್ದವಿತ್ತು, ಅಜ್ಜಿ ಸರಿಯಾದ ಕಡೆಗೆ ತಿರುಗಿದ್ದರು. ಮೇಷ್ಟ್ರು ಬೆರಳಿಟ್ಟು ಓದುತ್ತಾ ಓದುತ್ತಾ ಕೊನೆಯ ಪ್ಯಾನೆಲ್ಲಿನ ಹಿಂದೆ ಯಾರೋ ಈಡುಗಾಯಿ ಒಡೆಯುವಲ್ಲಿ ನಿಂತರು. ಸದ್ದುಗಳನ್ನು ನಾನು ಕೊನೆಗೆ ಉಳಿಸಿಕೊಂಡು, ಯಾರಿಗೂ ತೋರಿಸದೆ ನೇರ ಇಂಕಿನಲ್ಲಿ ಬರೆದಿದ್ದೆ. ಚೂಪು ಚೂಪಾದ ದೊಡ್ಡ ಅಕ್ಷರದಲ್ಲಿ ‘ಕ್ರ್ಯಾಕ್!’. ಕಕಾರಕ್ಕೆ ಜೋತುಬಿದ್ದ ಒತ್ತುಗಳೆರಡೂ ಕೆಳಗಿನ ಗಿರಾಕಿಯ ತಲೆಗೆ ತಾಗುತ್ತಿದ್ದವು.

“ನಮ್ಮೂರ ತೆಂಗಿನಕಾಯಿ ಇಂಗ್ಲಿಷಿನಲ್ಲಿ ಯಾಕಯ್ಯಾ ಒಡೀತದೆ?”

ಎಲ್ಲರೂ ನಕ್ಕರು. ಆಮೇಲೆ ಅರ್ಧ ಗಂಟೆ ಯಾರೂ ಪುಟ ನೋಡಲಿಲ್ಲ. ಧೋ, ಜಿಟಿಜಿಟಿ, ದಬದಬ, ಸರಸರ, ಗಿರಗಿರ, ಥಟ್, ಫಳ್, ಢಣ್ ಅಂತ ಒಬ್ಬೊಬ್ಬರೂ ಒಂದೊಂದು ಎತ್ತಿ ಹಾಕಿದರು. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದು, ಕಾಮಿಕ್ಸ್ ಮಾಡುವವನ ಉಗ್ರಾಣ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಈ ಮೇಷ್ಟ್ರು ಡ್ರಾಯಿಂಗಿನವರು. ಅಮ್ಮ ಅಡುಗೆಮನೆಯಿಂದಲೇ “ಫಟಾರ್ ಅನ್ನಿ, ಈಡುಗಾಯಿ ಅಲ್ವೇ” ಅಂದರು. ಪೋಸ್ಟರ್ ವೈಟ್ ಎರಡು ಪದರ ಬಳಿದು, ಒಣಗಿಸಿ, ಅದರ ಮೇಲೆ ‘ಫಟಾರ್’ ಬರೆದೆ.

ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಮೂಲ ಹಾಳೆಯ ಮೇಲೆ ಬೆರಳಾಡಿಸಿದರೆ ಆ ಬಿಳಿಯ ಉಬ್ಬು ಕೈಗೆ ಸಿಗುತ್ತದೆ. ಮೊನ್ನೆ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಏಳನೇ ಪುಟ ಎತ್ತಿಕೊಂಡು, ಆ ಉಬ್ಬನ್ನು ಹೆಬ್ಬೆರಳಿನಿಂದ ಸವರುತ್ತಾ “ಸರ್, ಇದರಡಿ ಏನಿತ್ತು?” ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೆಮ್ಮಿದರು. ಕೈಗಳನ್ನು ತೊಡೆಯಡಿ ಇಟ್ಟುಕೊಂಡೆ. “ಮೊದಲು ಕಥೆ ಹೇಳಮ್ಮ” ಅಂದರು ಅವರು, ಅವಳ ಬೆರಳನ್ನು ಹಿಡಿದು ಮೊದಲನೇ ಪ್ಯಾನೆಲ್ಲಿನ ಮೇಲಿಟ್ಟು.